ನಾಯಿ ಜೊತೆ ನೀರು ಬೀಳುವ ಜಾಗಕ್ಕೆ ಸಣ್ಣ ನಡಿಗೆ: ತುಮಕೂರು ಸುತ್ತಮುತ್ತ ಎಲ್ಲಿಗೆ ಹೋಗಬಹುದು?

ಕರಿಯನ_ಯಜಮಾನ
ನಮಸ್ಕಾರ. ತುಮಕೂರಿನವನು. ಮನೆಯಲ್ಲಿ ಕರಿಯ ಅಂತ ನಾಟಿ ನಾಯಿ ಇದೆ, ನಾಲ್ಕು ವರ್ಷದ್ದು. ಈ ಸಲ ಮಳೆ ಚೆನ್ನಾಗಿ ಹಿಡಿದಿದೆ, ಫೋನ್ ತೆರೆದರೆ ನೀರು ಬೀಳುವ ವಿಡಿಯೊಗಳೇ. ಕರಿಯನನ್ನು ಅಂಥ ಒಂದು ಜಾಗಕ್ಕೆ ಕರೆದುಕೊಂಡು ಹೋಗಬೇಕು. ಅಮ್ಮನೂ ಬರುತ್ತಾರೆ, ಅವರಿಗೆ ಮಂಡಿ ನೋವು. ಹೋಗಿ ಬರಲು ಒಟ್ಟು ಎರಡು ಕಿಲೋಮೀಟರ್‌ಗಿಂತ ಜಾಸ್ತಿ ನಡಿಗೆ ಬೇಡ. ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ ಆಗಬೇಕು. ಜೋಗ, ಹೆಬ್ಬೆ ಅಂತೆಲ್ಲ ಹೇಳಬೇಡಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಬಿಟ್ಟು ಆಚೆ ಬೇಡ. ವಿಡಿಯೊ ಮಾಡುವವರು ಡ್ರೋನ್ ಹಾರಿಸಿ ಎಲ್ಲ ತೋರಿಸುತ್ತಾರೆ, ನಾಯಿ ಬಿಡುತ್ತಾರಾ ಇಲ್ವಾ ಅಂತ ಮಾತ್ರ ಒಬ್ಬರೂ ಹೇಳುವುದಿಲ್ಲ.

ಶಿರಾಗೇಟ್_ಸೋಮ
ಅಷ್ಟಕ್ಕೆ ಯಾಕೆ ಯೋಚನೆ ಗುರು, ದೇವರಾಯನದುರ್ಗ ಇದೆಯಲ್ಲ. ನಾಮದ ಚಿಲುಮೆ ಹತ್ತಿರ ಕಾರು ನಿಲ್ಲಿಸಿ, ಆಮೇಲೆ ಮೇಲೆ ಹೋಗಿ. ಮಳೆ ಬಂದರೆ ಬಂಡೆ ಮೇಲೆಲ್ಲ ನೀರು ಇಳಿಯುತ್ತಿರುತ್ತದೆ. ಜಯಮಂಗಲಿ ಹುಟ್ಟುವುದೇ ಆ ಬೆಟ್ಟದಲ್ಲಿ.

ಕಾಡಂಚಿನ_ಮನೆ
ಸೋಮಣ್ಣ, ಮನುಷ್ಯರಿಗೆ ಸರಿ, ನಾಯಿಗೆ ಬೇಡ. ನಾಮದ ಚಿಲುಮೆಯ ಪಕ್ಕದಲ್ಲೇ ಜಿಂಕೆವನ ಇದೆ. ನಾಯಿ ವಾಸನೆ ಬಿದ್ದರೆ ಸಾಕು, ಜಿಂಕೆಗಳು ಬೆದರಿ ಬೇಲಿಗೆ ಗುದ್ದಿಕೊಳ್ಳುತ್ತವೆ. ಸುತ್ತಲೂ ಅರಣ್ಯ ಇಲಾಖೆಯ ಕಾಡು. ಚಿರತೆ ಇದೆ, ಕರಡಿ ಇದೆ. ಚಿರತೆಗೆ ನಾಯಿ ಅಂದರೆ ಸುಲಭದ ಬೇಟೆ. ನಮ್ಮ ಬೀದಿಯಲ್ಲೇ ಅಂಗಳದಲ್ಲಿ ಕಟ್ಟಿದ ನಾಯಿ ಬೆಳಗ್ಗೆ ನೋಡಿದರೆ ಇರಲಿಲ್ಲ, ಸರಪಳಿ ಮಾತ್ರ ಇತ್ತು. ಕುರಿ ಕಾಯುವವರು ತಮ್ಮ ನಾಯಿಯ ಕುತ್ತಿಗೆಗೆ ಮೊಳೆ ಹೊಡೆದ ಪಟ್ಟಿ ಕಟ್ಟುವುದನ್ನು ನೋಡಿರಬಹುದು, ಚಿರತೆ ಮೊದಲು ಬಾಯಿ ಹಾಕುವುದೇ ಅಲ್ಲಿಗೆ. ಮುಂಜಾನೆ ಮತ್ತು ಸಂಜೆ ಆ ಬೆಟ್ಟದ ತಪ್ಪಲಲ್ಲಿ ನಾಯಿ ಹಿಡಿದುಕೊಂಡು ಓಡಾಡಿದರೆ ನಿಮ್ಮ ಜೀವಕ್ಕೂ ಒಳ್ಳೆಯದಲ್ಲ.

ಶಿರಾಗೇಟ್_ಸೋಮ
ಸರಿ ಬಿಡಿ. ಮಧುಗಿರಿ ಕಡೆ ಮೈದನಹಳ್ಳಿ? ಬಯಲು ಜಾಗ, ಚಿರತೆ ಭಯ ಇಲ್ಲ. ನಾಯಿಗೆ ಓಡಾಡಲು ಚೆನ್ನಾಗಿರುತ್ತದೆ.

ಕಾಡಂಚಿನ_ಮನೆ
ಅಯ್ಯೋ, ಅದು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ! ಜಯಮಂಗಲಿ ಕೃಷ್ಣಮೃಗ ಮೀಸಲು ಅಂತ 2007ರಲ್ಲೇ ಘೋಷಣೆ ಆಗಿದೆ. ನಾಯಿ ಬಿಡಲು ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಮರಿ ಹಾಕಿದ ಹೆಣ್ಣುಗಳು ಹುಲ್ಲಿನಲ್ಲಿ ಮರಿ ಮಲಗಿಸಿ ಮೇಯಲು ಹೋಗಿರುತ್ತವೆ. ಅಲ್ಲಿ ನೀರು ಬೀಳುವ ಜಾಗವೂ ಇಲ್ಲ, ಅದು ಬೇರೆ ಮಾತು.

ಕೋಲಾರದ_ಕಾಲ್ನಡಿಗೆ
ನಮ್ಮ ಕಡೆ ಅಂತರಗಂಗೆ ಹೇಳುವವರು ಬರುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಬೇಡ. ಅದು ಕಾಶಿ ವಿಶ್ವೇಶ್ವರನ ದೇವಸ್ಥಾನ. ಕಲ್ಲಿನ ಬಸವನ ಬಾಯಿಂದ ಬರುವ ನೀರನ್ನು ಜನ ತೀರ್ಥ ಅಂತ ಬಾಟಲಿಗೆ ತುಂಬಿಕೊಳ್ಳುತ್ತಾರೆ. ಅಲ್ಲಿ ನಾಯಿ ಬಾಯಿ ಹಾಕಿದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ಮೆಟ್ಟಿಲ ಉದ್ದಕ್ಕೂ ಕೋತಿಗಳು ಬೇರೆ. ಒಂದು ನಾಯಿ ಕಂಡರೆ ಇಡೀ ಗುಂಪು ಇಳಿದು ಬರುತ್ತದೆ, ದೊಡ್ಡ ಗಂಡು ಕೋತಿಯ ಕೋರೆಹಲ್ಲು ನಾಯಿಯದಕ್ಕಿಂತ ಉದ್ದ ಇರುತ್ತದೆ.

ಶತಶೃಂಗದ ಮೇಲೆ ತೇರಹಳ್ಳಿ ಕಡೆ ರಸ್ತೆಯಲ್ಲೇ ಹೋಗಬಹುದು, ಬೆಟ್ಟದ ಮೇಲೆ ಊರುಗಳಿವೆ, ನಡೆಯಲು ಚೆನ್ನಾಗಿದೆ. ಆದರೆ ನಿಮಗೆ ಬೇಕಾದ ಹಾಗೆ ಧೋ ಅಂತ ಬೀಳುವ ನೀರು ಇಲ್ಲ. ಕೋಲಾರದ ಕೆರೆಗಳ ಬಗ್ಗೆ ಒಂದು ಮಾತು. 2018ರಿಂದ ಕೆ.ಸಿ. ವ್ಯಾಲಿ ನೀರು ಬರುತ್ತಿರುವ ಕೆರೆಗಳು ಬೇಸಿಗೆಯಲ್ಲೂ ತುಂಬಿ ಕೋಡಿ ಹರಿಯುತ್ತವೆ, ನೋಡಲು ಚೆಂದ. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಅಂತರ್ಜಲಕ್ಕೆ ಅಂತ ಬಿಟ್ಟ ನೀರು, ಕುಡಿಯಲು ಬಿಟ್ಟಿದ್ದಲ್ಲ. ನಾಯಿಗೆ ಬೋರ್ಡು ಓದಲು ಬರುವುದಿಲ್ಲ.

ನಂದಿ_ತಪ್ಪಲು
ಚಿಕ್ಕಬಳ್ಳಾಪುರದಿಂದ. ಇಲ್ಲಿ ಎಲ್ಲರೂ ಎರಡು ಹೆಸರು ಹೇಳುತ್ತಾರೆ, ಶ್ರೀನಿವಾಸ ಸಾಗರ ಮತ್ತು ಕೇತೇನಹಳ್ಳಿ ಜಲಪಾತ. ಶ್ರೀನಿವಾಸ ಸಾಗರದಲ್ಲಿ ಕಟ್ಟೆ ತುಂಬಿ ಗೋಡೆಯ ಉದ್ದಕ್ಕೂ ನೀರು ಇಳಿಯುವಾಗ ನಿಜಕ್ಕೂ ಅಬ್ಬಾ ಅನಿಸುತ್ತದೆ. 2022ರಲ್ಲಿ ಒಬ್ಬ ಹುಡುಗ ಆ ಗೋಡೆ ಹತ್ತಲು ಹೋಗಿ ಜಾರಿ ಬಿದ್ದ ವಿಡಿಯೊ ನೀವೂ ನೋಡಿರುತ್ತೀರಿ. ಮಳೆ ಜೋರಾದಾಗ ಪೊಲೀಸರು ತಡೆಯುತ್ತಾರೆ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಆ ಗಲಾಟೆ, ಸ್ಪೀಕರ್ ಹಾಡು, ಪಾಚಿಯಲ್ಲಿ ಜಾರುವ ಮಕ್ಕಳು, ಅದರ ಮಧ್ಯೆ ನಾಯಿ. ನಾನಾದರೆ ಹೋಗುವುದಿಲ್ಲ.

ಕೇತೇನಹಳ್ಳಿಯದು ಬೆಟ್ಟದಿಂದ ಇಳಿಯುವ ಹಳ್ಳ. ಮಳೆಗಾಲದಲ್ಲಿ ಮಾತ್ರ ನೀರು, ಮಳೆ ನಿಂತ ಮೇಲೆ ಹೋದರೆ ಬರೀ ಬಂಡೆ. ಕಲ್ಲು ಹತ್ತಿ ಹೋಗಬೇಕು, ಅಮ್ಮನ ಮಂಡಿಗೆ ಆಗುವುದಿಲ್ಲ. ಅರಣ್ಯದ ಅಂಚು, ಊರಿನಲ್ಲಿ ಕೇಳದೆ ಒಳಗೆ ಹೋಗಬೇಡಿ.

ಕೊರಟಗೆರೆ_ಅಕ್ಕ
ಯಜಮಾನ್ರೇ, ನೀವು ಜಲಪಾತ ಹುಡುಕುತ್ತಿದ್ದೀರಿ. ನಮ್ಮ ಬಯಲುಸೀಮೆಯಲ್ಲಿ ಕೋಡಿ ಹುಡುಕಬೇಕು. ಇಲ್ಲಿ ನೀರು ಬೀಳುವುದೇ ಕೆರೆ ಕೋಡಿಯಲ್ಲಿ. ಕಾಡಿನೊಳಗೆ ಹೋಗುವ ಹಾಗಿಲ್ಲ, ದೇವಸ್ಥಾನದ ತೀರ್ಥಕ್ಕೆ ನಾಯಿ ಕರೆದೊಯ್ಯುವ ಹಾಗಿಲ್ಲ. ಉಳಿದದ್ದು ಊರ ಕೆರೆ. ಏರಿ ಮೇಲೆ ಸಮತಟ್ಟು ದಾರಿ, ಅಮ್ಮ ಆರಾಮಾಗಿ ನಡೆಯುತ್ತಾರೆ, ಕೊನೆಯಲ್ಲಿ ನೀರು ಬೀಳುವುದನ್ನು ನೋಡಬಹುದು.

ಹೆಸರಿರುವ ಜಾಗವೇ ಬೇಕು ಅಂದರೆ ನಮ್ಮ ತೀತಾ ಜಲಾಶಯ. ಜಯಮಂಗಲಿಗೆ ಕಟ್ಟಿದ್ದು. ಗೊರವನಹಳ್ಳಿ ಮಹಾಲಕ್ಷ್ಮಿ ದೇವಸ್ಥಾನ ಹತ್ತಿರದಲ್ಲೇ ಇರುವುದರಿಂದ ಶುಕ್ರವಾರ ಮಾತ್ರ ಆ ದಿಕ್ಕಿಗೆ ತಲೆ ಹಾಕಬೇಡಿ. ಭಾನುವಾರವೂ ಜನ. ವಾರದ ಮಧ್ಯೆ ಬೆಳಗ್ಗೆ ಏಳು, ಏಳೂವರೆಗೆ ಬಂದುಬಿಡಿ, ಚಿರತೆ ಓಡಾಡುವ ಹೊತ್ತೂ ಮುಗಿದಿರುತ್ತದೆ, ಬಿಸಿಲೂ ಏರಿರುವುದಿಲ್ಲ.

ನಾನು ಹೋಗುವುದು ಮಾತ್ರ ನಮ್ಮ ತವರಿನ ಕೆರೆಗೆ, ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರ ಐವತ್ತು ಕಾರು ಬರುತ್ತವೆ. ಕೋಡಿಗೆ ಹಳೇ ಕಲ್ಲಿನ ಕಟ್ಟು. ನೀರು ಆಳೆತ್ತರದಿಂದ ಬಿದ್ದು, ಹೊಂಗೆ ಮರದ ಬೇರುಗಳ ಕೆಳಗೆ ಹಾದು, ಬಂಡೆ ಮೇಲೆ ತೆಳ್ಳಗೆ ಹರಡುತ್ತದೆ. ನಮ್ಮ ರಾಣಿ ಮೊದಲು ಮುಂಗಾಲು ಒಂದನ್ನು ಇಟ್ಟು ನೋಡುತ್ತಾಳೆ. ಪಾಚಿ ಇದ್ದರೆ ಉಗುರು ಕಿರ್ ಅಂತ ಜಾರುತ್ತದೆ, ಕೂಡಲೇ ಕಾಲು ಎಳೆದುಕೊಂಡು ನನ್ನ ಮುಖ ನೋಡುತ್ತಾಳೆ. ಒಣ ಕಲ್ಲು ಸಿಗುವವರೆಗೂ ಮುಂದೆ ಬರುವುದಿಲ್ಲ. ನಮ್ಮ ಯಜಮಾನರಿಗಿಂತ ಅವಳಿಗೆ ಬುದ್ಧಿ ಜಾಸ್ತಿ. ಬೀಳುವ ನೀರಿನ ಬುಡಕ್ಕೆ ಮಾತ್ರ ಬಿಡಬೇಡಿ, ಅಲ್ಲಿ ಗುಂಡಿ ಬಿದ್ದಿರುತ್ತದೆ, ನೀರು ಒಳಗೊಳಗೇ ಸುತ್ತುತ್ತಿರುತ್ತದೆ. ಈಜು ಬರುವ ನಾಯಿಯೂ ಮೇಲೆ ಬರಲು ಒದ್ದಾಡುತ್ತದೆ.

ಕುಣಿಗಲ್_ಕುದುರೆ
ಮಾರ್ಕೋನಹಳ್ಳಿ ಯಾರೂ ಹೇಳಲೇ ಇಲ್ವಲ್ಲ! ಶಿಂಷೆಗೆ ಕಟ್ಟಿದ ಡ್ಯಾಮು. ಸೈಫನ್‌ನಿಂದ ನೀರು ಹೊರಗೆ ಬೀಳುವುದನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ.

ಕಾಡಂಚಿನ_ಮನೆ
ನೋಡಲು ಸರಿ. ಆದರೆ ಆ ಸೈಫನ್ ತಾನಾಗಿಯೇ ಶುರುವಾಗುವಂಥದ್ದು. ಒಳಗೆ ನೀರು ಒಂದು ಮಟ್ಟ ದಾಟಿತು ಅಂದರೆ ಯಾರೂ ಗೇಟ್ ಎತ್ತಬೇಕಿಲ್ಲ, ಎಳೆದುಕೊಂಡು ಹೊರಗೆ ಸುರಿಯುತ್ತದೆ. ಕೆಳಗೆ ಹೊಳೆಯಲ್ಲಿ ನಾಯಿ ಆಡಿಸುತ್ತಾ ನಿಂತವರಿಗೆ ಗೊತ್ತೇ ಆಗುವುದಿಲ್ಲ. ದೂರದಿಂದ ನೋಡಿ, ಹೊಳೆಗೆ ಇಳಿಯಬೇಡಿ.

ಲ್ಯಾಬ್_ಲಿಂಗರಾಜ
ಇಷ್ಟೆಲ್ಲ ಭಯ ಬೇಕಾ? ನಮ್ಮ ಲ್ಯಾಬ್ರಡಾರ್‌ಗೆ ನಾನು ಬೆಲ್ಟೇ ಹಾಕುವುದಿಲ್ಲ. ಒಂದು ಸಿಳ್ಳೆ ಹೊಡೆದರೆ ಎಲ್ಲಿದ್ದರೂ ಬರುತ್ತದೆ. ನಾಯಿಯನ್ನು ಕರೆದುಕೊಂಡು ಹೋಗುವುದೇ ಓಡಾಡಲಿ ಅಂತ ಅಲ್ವಾ.

ಗೌರಿಬಿದನೂರು_ರೈತ
ಲಿಂಗರಾಜಣ್ಣ, ನಮ್ಮ ಹೊಲದ ಕಡೆ ಬಂದರೆ ಬೆಲ್ಟು ಹಾಕಿಕೊಂಡೇ ಬನ್ನಿ. ಕಾಡುಹಂದಿ ಕಾಟಕ್ಕೆ ಕೆಲವರು ಬೇಲಿಯಲ್ಲಿ ಉರುಳು ಇಡುತ್ತಾರೆ. ಕೆಲವು ಕಡೆ ಸಿಡಿಮದ್ದನ್ನು ತಿನ್ನುವ ಪದಾರ್ಥದಲ್ಲಿ ಸುತ್ತಿ ಇಡುತ್ತಾರೆ. ತಪ್ಪು, ಕಾನೂನಿಗೆ ವಿರುದ್ಧ, ಎಲ್ಲ ಸರಿ. ಆದರೆ ಇಟ್ಟಿರುತ್ತಾರೆ. ವಾಸನೆ ಹಿಡಿದು ಕಚ್ಚಿದ ನಾಯಿಯ ದವಡೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ, ಇಲ್ಲಿ ಬರೆಯುವುದಿಲ್ಲ. ನಿಮ್ಮ ಸಿಳ್ಳೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ ಕುರಿ. ಮಳೆ ಆದ ಮೇಲೆ ಕೆರೆ ಅಂಗಳದಲ್ಲಿ ಮಂದೆ ಇದ್ದೇ ಇರುತ್ತದೆ. ಪೇಟೆ ನಾಯಿ ಆಟಕ್ಕೆ ಅಂತ ನುಗ್ಗಿದರೂ ಗಬ್ಬದ ಕುರಿ ಓಡಿ ಓಡಿ ಕಂದು ಹಾಕುತ್ತದೆ. ಆ ನಷ್ಟ ಯಾರು ಕೊಡುತ್ತಾರೆ? ಮಂದೆ ಕಾಯುವ ನಾಯಿಗಳೂ ಸುಮ್ನೆ ಬಿಡುವುದಿಲ್ಲ. ಮಂದೆ ಕಂಡರೆ ದೂರದಲ್ಲೇ ನಿಂತು ಕುರಿಯವರಿಗೆ ಕೂಗಿ ಹೇಳಿ, ಅವರು ತಮ್ಮ ನಾಯಿ ಕರೆದುಕೊಳ್ಳುತ್ತಾರೆ, ಆಮೇಲೆ ದಾಟಿ. ಊರ ನಾಯಿಗಳು ಅಡ್ಡ ಬಂದರೆ ಓಡಬೇಡಿ, ಕಲ್ಲು ಎತ್ತಿಕೊಳ್ಳುವ ಹಾಗೆ ಬಗ್ಗಿ. ಎಸೆಯುವುದು ಬೇಕಿಲ್ಲ, ಬಗ್ಗಿದರೆ ಸಾಕು.

ಲ್ಯಾಬ್_ಲಿಂಗರಾಜ
ಉರುಳಿನ ವಿಷಯ ಕೇಳಿ ಗಾಬರಿ ಆಯಿತು ಅಣ್ಣ. ಪಾರ್ಕಿನಲ್ಲಿ ಬಿಡುವುದೇ ಬೇರೆ, ಇದೇ ಬೇರೆ. ಉದ್ದ ಹಗ್ಗ ಕಟ್ಟಿದರೆ ನಡೆಯುತ್ತದಾ?

ಕೊರಟಗೆರೆ_ಅಕ್ಕ
ಉದ್ದ ಹಗ್ಗ ಲಂಟಾನ ಪೊದೆಗೆ ಸುತ್ತಿಕೊಳ್ಳುತ್ತದೆ. ಎರಡು ಮಾರು ಸಾಕು. ಕುತ್ತಿಗೆ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು, ಜಾರಿದರೆ ಎತ್ತಿ ಹಿಡಿಯಬಹುದು.

ಪಶುವೈದ್ಯೆ_ಪೂರ್ಣಾವಧಿ
ತಡವಾಗಿ ನೋಡಿದೆ. ಚಿರತೆ, ಉರುಳು ಎಲ್ಲ ಸರಿ. ಆದರೆ ನಮ್ಮ ಹತ್ತಿರ ಬರುವ ನಾಯಿಗಳಲ್ಲಿ ಜಾಸ್ತಿ ಇನ್ನೂ ಸಣ್ಣ ಕಾರಣಕ್ಕೆ ಬಂದಿರುತ್ತವೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬುತ್ತಿ. ತುಮಕೂರಿನವರು ಪ್ರವಾಸ ಅಂದರೆ ಪುಳಿಯೋಗರೆ ಕಟ್ಟುತ್ತಾರೆ, ಚಿಕ್ಕಬಳ್ಳಾಪುರದ ದಾರಿಯಲ್ಲಿ ದ್ರಾಕ್ಷಿ ತೆಗೆದುಕೊಳ್ಳುತ್ತಾರೆ. ಎರಡೂ ನಾಯಿಗೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ಬಗ್ಗೆ ಹಿಂದಿನಿಂದಲೂ ಗೊತ್ತು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣ ಇರಬೇಕು ಅಂತ 2021ರಲ್ಲಿ ಅಮೆರಿಕದ ಪಶುವೈದ್ಯರು ಬರೆದರು. ಹುಣಸೆಹಣ್ಣಿನಲ್ಲೂ ಇರುವುದು ಅದೇ ಆಮ್ಲ. ಅಷ್ಟು ತಿಂದರೆ ಏನಾಗುವುದಿಲ್ಲ, ಇಷ್ಟು ತಿಂದರೆ ಆಗುತ್ತದೆ ಅಂತ ಗೆರೆ ಎಳೆಯಲು ಆಗುವುದಿಲ್ಲ. ಈರುಳ್ಳಿ ಹಾಕಿದ ಚಿತ್ರಾನ್ನವೂ ಬೇಡ, ಈರುಳ್ಳಿ ನಾಯಿಯ ರಕ್ತ ಕೆಡಿಸುತ್ತದೆ. ಸಪ್ಪೆ ಮೊಸರನ್ನ, ಬೇಯಿಸಿದ ಮೊಟ್ಟೆ ಒಯ್ಯಿರಿ. ಅದನ್ನೂ ನಡೆದು ಮುಗಿಸಿ, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೊಡಿ.

ಎರಡನೆಯದು ನಿಂತ ನೀರು. ಹರಿಯುವ ಕೋಡಿಯ ಪಕ್ಕದಲ್ಲೇ ಸಣ್ಣ ಗುಂಡಿಗಳಿರುತ್ತವೆ, ನಾಯಿ ಹೋಗಿ ನೆಕ್ಕುವುದೇ ಅಲ್ಲಿ. ಇಲಿ ಮೂತ್ರ ಸೇರಿದ ನೀರಿನಿಂದ ಬರುವ ಇಲಿ ಜ್ವರ ನಾಯಿಗೂ ಬರುತ್ತದೆ, ನಾಯಿಯಿಂದ ಮನೆಯವರಿಗೂ ಹರಡಬಹುದು. ಅದಕ್ಕೆ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸದ ನಾಯಿಯನ್ನು ಗೇಟಿನಿಂದ ಹೊರಗೇ ತರಬೇಡಿ. ದಾರಿಯಲ್ಲಿ ಯಾವ ನಾಯಿಯಾದರೂ ನಿಮ್ಮನ್ನು ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುವುದು ಬಿಟ್ಟು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಮೂರನೆಯದು ಹುಲ್ಲಿನ ಊಬು, ಅಂದರೆ ಹುಲ್ಲಿನ ತೆನೆಯ ಚೂಪು ಮುಳ್ಳು. ಮಳೆ ಮುಗಿಯುವ ಈ ಹೊತ್ತಿಗೆ ಹುಲ್ಲು ಒಣಗಿ ಊಬು ಉದುರುತ್ತದೆ. ಮುಂದಕ್ಕೆ ಮಾತ್ರ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಕಾಲ್ಬೆರಳ ಸಂದಿಯಲ್ಲಿ ಚರ್ಮ ಹೊಕ್ಕರೆ ವಾರದೊಳಗೆ ಕೀವು. ಕಿವಿಯೊಳಗೆ ಹೋದರೆ ನಾಯಿ ಇದ್ದಕ್ಕಿದ್ದಂತೆ ತಲೆ ಒಂದು ಕಡೆ ವಾಲಿಸಿ ಪಟಪಟ ಅಂತ ಕೊಡವಲು ಶುರು ಮಾಡುತ್ತದೆ. ಆಗ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ತಳ್ಳುತ್ತೀರಿ. ಮನೆಗೆ ಹೊರಡುವ ಮುಂಚೆ, ಅಲ್ಲೇ ಕಲ್ಲಿನ ಮೇಲೆ ಕೂರಿಸಿ ನಾಲ್ಕೂ ಪಾದ ಬಿಡಿಸಿ ನೋಡಿ. ರಕ್ತ ಹೀರುವ ಉಣ್ಣೆ ಹುಳವೂ ಸಿಗುತ್ತದೆ. ಅದನ್ನು ಸೀಮೆಎಣ್ಣೆ ಹಾಕಿ ಕೊಲ್ಲಬೇಡಿ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಒಂದರಿಂದ ಮೂರು ವಾರದಲ್ಲಿ ನಾಯಿ ಊಟ ಬಿಟ್ಟು, ಮಂಕಾಗಿ, ಒಸಡು ಬಿಳಿಚಿಕೊಂಡರೆ ಉಣ್ಣೆ ಜ್ವರ ಅಂತ ಅನುಮಾನಿಸಿ, ರಕ್ತ ಪರೀಕ್ಷೆ ಮಾಡಿಸಿ.

ಹಾವು ಕಚ್ಚಿದರೆ ಕಟ್ಟು ಕಟ್ಟುವುದು, ಗಾಯ ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ಬನ್ನಿ. ನಾಗರ, ಕಟ್ಟುಹಾವು, ಕೊಳಕುಮಂಡಲಕ್ಕೆ ಮನುಷ್ಯರಿಗೆ ಕೊಡುವ ಔಷಧವೇ ನಾಯಿಗೂ. ಹೊರಡುವ ಹಿಂದಿನ ದಿನವೇ ಅದು ಯಾವ ಆಸ್ಪತ್ರೆಯಲ್ಲಿ ಇದೆ ಅಂತ ಫೋನ್ ಮಾಡಿ ಕೇಳಿಕೊಂಡಿರಿ.

ಪಗ್_ಪದ್ಮ
ಮೇಡಂ, ನಮ್ಮದು ಪಗ್. ಕರೆದುಕೊಂಡು ಹೋಗಬಹುದಾ?

ಪಶುವೈದ್ಯೆ_ಪೂರ್ಣಾವಧಿ
ಬೆಳಗ್ಗೆ ಬೇಗ, ನೆರಳಿದ್ದರೆ, ಏರಿ ಮೇಲೆ ಸ್ವಲ್ಪ ದೂರ ಪರವಾಗಿಲ್ಲ. ಮೂಗು ಚಪ್ಪಟೆ ಇರುವುದರಿಂದ ಮೈ ಬಿಸಿ ಹೊರಗೆ ಹಾಕಲು ಅದಕ್ಕೆ ಕಷ್ಟ. ಹತ್ತು ಗಂಟೆ ಬಿಸಿಲಿಗೆ ನಮ್ಮ ಕಡೆಯ ಬಂಡೆ ಕಾದ ಹೆಂಚಿನ ಹಾಗೆ ಆಗಿರುತ್ತದೆ. ನಿಮ್ಮ ಅಂಗೈ ಹಿಂಭಾಗ ಬಂಡೆಗೆ ಇಟ್ಟು ಏಳು ಸೆಕೆಂಡ್ ತಡೆಯಲು ಆಗದಿದ್ದರೆ ಯಾವ ನಾಯಿಯನ್ನೂ ನಡೆಸಬೇಡಿ. ತುಂಬಾ ಏದುಸಿರು, ಕಡುಕೆಂಪು ಒಸಡು, ತೂರಾಟ ಕಂಡರೆ ಅಲ್ಲೇ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, ಆಮೇಲೆ ಗಾಡಿ ಹತ್ತಿಸಿ.

ಏರಿಮೇಲಿನ_ಊರು
ಇಷ್ಟು ಹೊತ್ತು ಓದುತ್ತಾ ಇದ್ದೆ. ಕೊರಟಗೆರೆ ಅಕ್ಕ ಊರ ಕೆರೆಗೆ ಹೋಗಿ ಅಂದರು. ಊರವರ ಕಡೆಯಿಂದ ಎರಡು ಮಾತು.

ಎಷ್ಟೋ ವರ್ಷಕ್ಕೊಮ್ಮೆ ಕೆರೆ ತುಂಬಿ ಕೋಡಿ ಬಿದ್ದರೆ ನಮಗೆ ಹಬ್ಬ. ಗಂಗೆ ಪೂಜೆ ಮಾಡಿ ಬಾಗಿನ ಬಿಡುತ್ತೇವೆ. ಆ ದಿನ ಕೋಡಿ ಹತ್ತಿರ ನಾಯಿ ತರಬೇಡಿ, ಹೆಂಗಸರು ಮಡಿಯಲ್ಲಿ ಇರುತ್ತಾರೆ, ಸುಮ್ನೆ ಮನಸ್ತಾಪ. ಬೇರೆ ದಿನ ಬನ್ನಿ, ಯಾರೂ ಬೇಡ ಅನ್ನುವುದಿಲ್ಲ. ಬಟ್ಟೆ ಒಗೆಯುವ ಕಲ್ಲು, ದನ ನೀರು ಕುಡಿಯುವ ಜಾಗ ಬಿಟ್ಟು ಕೆಳಗಡೆ ನಾಯಿ ಇಳಿಸಿ. ನಾಯಿ ಗಲೀಜು ಮಾಡಿದರೆ ಏರಿ ಮೇಲೆ ಬಿಟ್ಟು ಹೋಗಬೇಡಿ, ಬೆಳಗ್ಗೆ ಮಕ್ಕಳು ಅಲ್ಲೇ ಬರಿಗಾಲಲ್ಲಿ ಓಡಾಡುತ್ತವೆ.

ನಿಜ ಹೇಳಬೇಕೆಂದರೆ ನಾಯಿ ತರುವವರಿಂದ ನಮಗೆ ಅಷ್ಟು ತೊಂದರೆ ಇಲ್ಲ. ಹೋದ ಮಳೆಗಾಲದಲ್ಲಿ ಕೋಡಿಯಲ್ಲಿ ಒಡೆದ ಬೀರ್ ಬಾಟಲಿ ಆರಿಸಿ ಆರಿಸಿ ಸಾಕಾಯಿತು. ನಿಮ್ಮ ನಾಯಿಯ ಪಾದಕ್ಕೆ ಚುಚ್ಚುವುದೂ ಅದೇ ಗಾಜು, ನಮ್ಮ ಎಮ್ಮೆ ಗೊರಸಿಗೆ ಚುಚ್ಚುವುದೂ ಅದೇ.

ಕರಿಯನ_ಯಜಮಾನ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತೀತಾ ಅಂತ ತೀರ್ಮಾನ ಮಾಡಿದೆವು. ಅಮ್ಮನಿಗೆ ಗೊರವನಹಳ್ಳಿಗೂ ಹೋಗಬೇಕಂತೆ. ಹಾಗಾಗಿ ಅಮ್ಮ ದೇವಸ್ಥಾನಕ್ಕೆ ಹೋದಾಗ ನಾನು ಕರಿಯನ ಜೊತೆ ಹೊರಗಿರುತ್ತೇನೆ, ಆಮೇಲೆ ಅಮ್ಮ ಕರಿಯನನ್ನು ನೋಡಿಕೊಂಡರೆ ನಾನು ಕೈಮುಗಿದು ಬರುತ್ತೇನೆ. ಬುಧವಾರ ರಜೆ ಹಾಕಿದ್ದೇನೆ. ಪುಳಿಯೋಗರೆ ವಿಷಯ ಅಮ್ಮನಿಗೆ ಹೇಳಿದೆ, ನಂಬಲಿಲ್ಲ, ಮೇಡಂ ಬರೆದಿದ್ದನ್ನು ಓದಿ ಹೇಳಿದ ಮೇಲೆ ಕರಿಯನಿಗೆ ಬೇರೆ ಡಬ್ಬಿ ಕಟ್ಟುತ್ತೇನೆ ಅಂದರು. ಒಂದು ಪ್ರಶ್ನೆ ಉಳಿದಿದೆ. ಕಾರು ಸರ್ವಿಸ್‌ಗೆ ಹೋಗಿದೆ. ಬಸ್ಸಿನಲ್ಲಿ ನಾಯಿ ಬಿಡುತ್ತಾರಾ?

ಶಿರಾಗೇಟ್_ಸೋಮ
ಕೆಂಪು ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡು ಕರೆದೊಯ್ಯಲು ಅವಕಾಶ ಇದೆ, ಆದರೆ ಬೆಳಗ್ಗೆ ಕೊರಟಗೆರೆ ಬಸ್ಸಿನಲ್ಲಿ ಸ್ಕೂಲು, ಆಫೀಸು ರಶ್ಶು. ಪಕ್ಕದವರು ಹೆದರಿದರೆ ಕಂಡಕ್ಟರ್ ಏನು ಮಾಡಬೇಕು ಪಾಪ. ನನ್ನ ಓಮ್ನಿ ಇದೆ, ಬುಧವಾರ ನನಗೂ ಅಂಗಡಿ ರಜೆ. ಪೆಟ್ರೋಲ್ ಹಾಕಿಸಿದರೆ ಸಾಕು. ದೇವರಾಯನದುರ್ಗ ಹೇಳಿ ಬೈಸಿಕೊಂಡಿದ್ದೇನೆ, ತೀತಾನೂ ನೋಡಿ ಬರುತ್ತೇನೆ.

ಕೊರಟಗೆರೆ_ಅಕ್ಕ
ಬುಧವಾರವೇ ಬನ್ನಿ, ಮುಂದಕ್ಕೆ ಹಾಕಬೇಡಿ. ಮೂರು ದಿನದಿಂದ ಮಳೆ ಇಲ್ಲ, ಕೋಡಿ ಸಣ್ಣಗಾಗುತ್ತಿದೆ. ಮಂಗಳವಾರ ಸಂಜೆ ನಮ್ಮ ತಮ್ಮ ಆ ಕಡೆ ಹಾಲು ಹಾಕಲು ಹೋಗುತ್ತಾನೆ, ಒಂದು ಫೋಟೊ ತೆಗೆಸಿ ಇಲ್ಲೇ ಹಾಕುತ್ತೇನೆ. ನೀರು ಇಲ್ಲದಿದ್ದರೆ ಸೋಮಣ್ಣನ ಪೆಟ್ರೋಲ್ ಉಳಿಯುತ್ತದೆ.